ಮನಿಗೊಬ್ಬರಂತೆ ಒಂದು ಸೂಜಿ

ಲಸಿಕೆ ಹಾಕಿಸಿಕೊಂಡವರ ದೇಹಕ್ಕೆ ವೈರಸ್ಸು ಹೊಕ್ಕರೆ ಒಳಗೆ ಏನೇನು ನಡೆಯುತ್ತದೆ ಎಂಬುದನ್ನು ನಾನು ಜಮಖಂಡಿಯ ಒಂದು ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಕಲಿಸುತ್ತಿದ್ದೇನೆ. ಬಿ ಕೋಶಗಳನ್ನು ನೀಲಿ ಸೀಮೆಸುಣ್ಣದಲ್ಲಿ, ಟಿ ಕೋಶಗಳನ್ನು ಕೆಂಪಿನಲ್ಲಿ, ಪ್ರತಿಕಾಯಗಳನ್ನು ಹಳದಿಯಲ್ಲಿ ಬರೆಯುತ್ತೇನೆ. ಕಚೇರಿಯವರು ಹಳದಿ ಸುಣ್ಣ ತರಿಸದ ವರ್ಷ ಮಕ್ಕಳು ಪ್ರತಿಕಾಯಗಳಿಲ್ಲದೆಯೇ ಪಾಸಾಗುತ್ತಾರೆ. ಹತ್ತು ಅಂಕದ ಖಾತ್ರಿ ಪ್ರಶ್ನೆ ಅದು, ಅದರಲ್ಲಿ ಯಾರೂ ನಾಪಾಸಾದದ್ದು ನಾನು ನೋಡಿಲ್ಲ. ನಾಪಾಸಾದವರು ನಮ್ಮ ಮನೆಯಲ್ಲಿ ಮಾತ್ರ ಇಬ್ಬರಿದ್ದಾರೆ. ಒಬ್ಬ ಏಳನೇ ಇಯತ್ತೆಗೆ ಸಾಲಿ ಬಿಟ್ಟ ನಮ್ಮ ಕಾಕಾ. ಇನ್ನೊಬ್ಬಳು ನಾನು.

ನಮ್ಮದು ಬನಹಟ್ಟಿಯ ನೇಕಾರರ ಓಣಿ. ಅಪ್ಪ, ಅವ್ವ ಇಬ್ಬರೂ ನಾನು ಸಣ್ಣವಳಿದ್ದಾಗಲೇ ತೀರಿಕೊಂಡರು. ಅಪ್ಪನ ತಮ್ಮನಾದ ಕಾಕಾ ಮತ್ತು ಅವನ ಹೆಂಡತಿ ಚಿಗವ್ವ ನನ್ನನ್ನು ಸಾಕಿದರು. ಅವರಿಗೆ ಮಕ್ಕಳಾಗಲಿಲ್ಲ, ನನಗೆ ಮದುವೆಯಾಗಲಿಲ್ಲ. ಎರಡು ಕೊರತೆಗಳು ಒಂದೇ ಸೂರಿನಡಿ ಹೊಂದಿಕೊಂಡು ಒಂದು ಸಂಸಾರವಾಯಿತು. ಮನೆಯ ಮುಂದಿನ ಖೋಲಿಯಲ್ಲಿ ಎರಡು ಪಾವರಲೂಮುಗಳು. ಬೆಳಿಗ್ಗೆಯಿಂದ ಸಂಜೆಯತನಕ ಅವುಗಳ ಖಟಖಟ ಸದ್ದಿನ ಮೇಲೆಯೇ ನಾವು ಮಾತಾಡಬೇಕು. ನಾನು ಕಾಲೇಜಿನಲ್ಲಿ ಮೈಕಿಲ್ಲದೆ ನೂರು ಮಕ್ಕಳಿಗೆ ಕೇಳಿಸುವಂತೆ ಪಾಠ ಮಾಡುತ್ತೇನೆಂದು ಪ್ರಿನ್ಸಿಪಾಲರು ಹೊಗಳುತ್ತಾರೆ. ಆ ಹೊಗಳಿಕೆ ನ್ಯಾಯವಾಗಿ ಮಗ್ಗಗಳಿಗೆ ಸಲ್ಲಬೇಕು.

ಕಾಕಾನ ಎದೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಐವತ್ತು ವರ್ಷ ಹತ್ತಿಯ ಧೂಳು ಕುಡಿದ ಎದೆ ಅದು. ನಾಲ್ಕು ಮೆಟ್ಟಿಲು ಹತ್ತಿ ಐದನೆಯದರ ಮೇಲೆ ಕುಳಿತು, “ಬಿಸಲ ಭಾಳ ಐತಿ” ಅನ್ನುತ್ತಿದ್ದ, ಡಿಸೆಂಬರಿನಲ್ಲೂ. ಚಿಗವ್ವ, ನಾನು ಇಬ್ಬರೂ ಹೌದು ಹೌದು ಬಿಸಿಲು ಅನ್ನುತ್ತಿದ್ದೆವು. ಕೊರೊನಾ ಎಂಬ ಹೆಸರು ಕೇಳಿದ ದಿನದಿಂದ ನನಗಿದ್ದದ್ದು ಒಂದೇ ಹೆದರಿಕೆ. ಅದು ಆ ಎದೆಗೆ ಇಳಿದರೆ ಕಾಕಾ ನಮಗೆ ಉಳಿಯುವುದಿಲ್ಲ.

ಹೆದರಿಕೆ ಇದ್ದವರು ಏನು ಮಾಡಬೇಕು? ಕೈ ಮುಗಿದಾದರೂ ಅವನನ್ನು ಒಪ್ಪಿಸಿ ಸೂಜಿ ಹಾಕಿಸಿಕೊಂಡು ಬರಬೇಕು. ನಾನು ಏನು ಮಾಡಿದೆ ಎಂಬುದೇ ಇಲ್ಲಿಯ ಕತೆ.

ನಮ್ಮ ಓಣಿಯಲ್ಲಿ ಒಂದು ಪದ್ಧತಿಯಿದೆ. ಯಾರಾದರೂ ಸತ್ತರೆ, ಯಾರದಾದರೂ ಮನೆಯಲ್ಲಿ ಕೂಸಿನ ತೊಟ್ಟಿಲ ಕಾರ್ಯವಿದ್ದರೆ, ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂಡಿದರೆ, ಮನೆಗೊಬ್ಬರು ಹೋಗಬೇಕು. ಇಡೀ ಮನೆ ಎದ್ದು ಹೋದರೆ ಉಣ್ಣಲು ಬಂದರು ಅನ್ನುತ್ತಾರೆ. ಯಾರೂ ಹೋಗದಿದ್ದರೆ ಸೊಕ್ಕು ಅನ್ನುತ್ತಾರೆ. ಒಬ್ಬರು ಹೋಗಿ ಮುಖ ತೋರಿಸಿದರೆ ಇಡೀ ಮನೆ ಹೋದಂತೆ ಲೆಕ್ಕ. ಉಳಿದವರ ಮಗ್ಗ ನಿಲ್ಲುವುದಿಲ್ಲ. ಹೀಗೆ ಹೋಗಿಬರುವ ಕೆಲಸ ನಮ್ಮ ಮನೆಯಲ್ಲಿ ಯಾವಾಗಲೂ ಚಿಗವ್ವನದು. ಮೂವತ್ತು ವರ್ಷದಲ್ಲಿ ಅವಳು ಕಾಕಾನ ಪರವಾಗಿ ಎಷ್ಟು ಹೆಣಗಳ ಮುಂದೆ ಅತ್ತಿದ್ದಾಳೋ ಅವಳಿಗೇ ನೆನಪಿಲ್ಲ. ಕೆಲವರ ಹೆಸರೂ ಗೊತ್ತಿರಲಿಲ್ಲ, ಆದರೂ ಚೆನ್ನಾಗಿ ಅತ್ತು ಬಂದಳು.

ಲಸಿಕೆ ಬಂತು. ಕಾಲೇಜಿನಲ್ಲಿ ನಮಗೆಲ್ಲ ಶಿಬಿರ ಮಾಡಿ ಹಾಕಿದರು. ನಾನು ಮೊದಲ ಸಾಲಿನಲ್ಲಿ ನಿಂತು ಹಾಕಿಸಿಕೊಂಡು, ಆ ತೋಳನ್ನು ಮೂರು ದಿನ ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಓಡಾಡಿದೆ. ಅದಾಗಿ ಒಂದು ವಾರಕ್ಕೆ ನಮ್ಮ ಓಣಿಯ ಆಶಾ ಕಾರ್ಯಕರ್ತೆ ಮನೆಮನೆಗೆ ಬಂದಳು. ಮರುದಿನ ಕನ್ನಡ ಸಾಲಿಯಲ್ಲಿ ಸೂಜಿ ಹಾಕುತ್ತಾರೆ, ಬರ್ರಿ ಎಂದು ಕರೆಯುವ ಕೆಲಸ. ಆ ಹೊತ್ತಿಗೆ ನಮ್ಮ ಕಟ್ಟೆಯ ಮೇಲೆ ಆಚೀಚೆ ಮನೆಯ ನಾಲ್ಕೈದು ಜನ ಕುಳಿತಿದ್ದರು. ಕಾಕಾ ಮಗ್ಗ ನಿಲ್ಲಿಸಿ ಹೊರಗೆ ಬಂದ.

“ನಮ್ಮನಿದು ಆಗೇತಿ ನೋಡ್ವಾ,” ಅಂದ. “ನಮ್ಮ ಅಕ್ಕೋರು ಕಾಲೇಜಿನ್ಯಾಗ ಮಾಡಿಸ್ಕೊಂಡಾರ.”

ಅಕ್ಕೋರು ಅಂದರೆ ನಾನು. ಪಾಠ ಹೇಳುವ ಹೆಂಗಸರನ್ನು ಊರವರು ಗೌರವದಿಂದ ಹಾಗೆ ಕರೆಯುತ್ತಾರೆ. ಕಾಕಾ ಕರೆದಾಗ ಅದರಲ್ಲಿ ಗೌರವದ ಜೊತೆಗೆ ಇನ್ನೊಂದು ಸ್ವಲ್ಪ ಏನೋ ಇರುತ್ತಿತ್ತು.

“ಅದು ಕಾಲೇಜಿನ ಲೆಕ್ಕರಿ ಕಾಕಾರ, ನಿಮ್ಮನಿ ಲೆಕ್ಕಲ್ಲ,” ಅಂದಳು ಆಶಾ ಕಾರ್ಯಕರ್ತೆ. “ನೀವೂ ಬರಬೇಕರಿ.”

“ಹಂಗಾದ್ರ ನಮ್ಮಾಕಿ ಬರತಾಳ ತಗೋ. ಮನಿಗೊಬ್ಬರು ಬಂದ್ರ ಆತಲ್ಲ?”

“ಇಲ್ಲರಿ, ಎಲ್ಲಾರೂ ಬರಬೇಕರಿ.”

“ಎಲ್ಲಾರೂ ಯಾಕವಾ?” ಕಾಕಾ ಕಟ್ಟೆಯವರ ಕಡೆ ತಿರುಗಿದ. ವಾದ ಮಾಡುವಾಗ ಅವನಿಗೆ ಕೇಳುವವರು ಬೇಕು. “ಚಿಕ್ಕಪಡಸಲಗಿ ಬ್ಯಾರೇಜ ಹೆಂಗ ಆತು? ನಮ್ಮಾಕಿ ತವರಮನಿ ಕಡಿಯವರು ಮನಿಗೊಬ್ಬರು ಹೋಗಿ ದುಡದ್ರು, ಆತು. ಮನಿಗೊಬ್ಬರು ಹೋಗಿ ಹೊಳಿನಽ ನಿಲ್ಲಿಸ್ಯಾರ. ಒಂದು ಜಡ್ಡು ನಿಲ್ಲಂಗಿಲ್ಲೇನು?”

ಕಟ್ಟೆಯವರು ತಲೆದೂಗಿದರು. ಈಗ ಯೋಚಿಸಿದರೆ ಅದು ಕೆಟ್ಟ ವಾದವೇನಲ್ಲ. ನೂರಾರು ಜನ ಹಾಕಿಸಿಕೊಂಡರೆ ರೋಗ ಹರಡುವ ದಾರಿ ಕಿರಿದಾಗುತ್ತದೆ, ಹಾಕಿಸಿಕೊಳ್ಳದವರಿಗೂ ಒಂದಿಷ್ಟು ಆಸರೆ ಸಿಗುತ್ತದೆ ಎಂದು ನಾನೇ ಎರಡನೇ ವರ್ಷದವರಿಗೆ ಕಲಿಸುತ್ತೇನೆ. ಅವನ ಮಾತು ಎಲ್ಲಿಯತನಕ ಸರಿ, ಎಲ್ಲಿಂದ ತಪ್ಪು ಎಂದು ತಾಳ್ಮೆಯಿಂದ ಬಿಡಿಸಿ ಹೇಳಬಹುದಿತ್ತು. ಕಾಲೇಜಿನಲ್ಲಿ ದಡ್ಡ ಹುಡುಗನಿಗೂ ಹಾಗೆ ಹೇಳುತ್ತೇನೆ, ಅದಕ್ಕೆ ನನಗೆ ಪಗಾರ ಕೊಡುತ್ತಾರೆ. ಮನೆಯಲ್ಲಿ ಪಗಾರ ಇಲ್ಲವಲ್ಲ, ಹಾಗಾಗಿ ನಾನು ಬಾಗಿಲಲ್ಲಿ ನಿಂತೇ ಅಂದೆ:

“ಖರೆ ಐತಿ ಕಾಕಾ. ಇನ್ನ ಮ್ಯಾಲೆ ಊಟಕ್ಕೂ ಮನಿಗೊಬ್ಬರು ಸಾಕು. ಮಧ್ಯಾಹ್ನ ನಾ ಉಂಡೇನಿ, ನಿನ್ನ ಹೊಟ್ಟಿ ತುಂಬೇತಿ. ಹೋಗಿ ಮಗ್ಗ ನಡಸು.”

ಕಟ್ಟೆಯ ಮೇಲಿನವರು ನಕ್ಕರು. ಆಶಾ ಕಾರ್ಯಕರ್ತೆ ವಹಿಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಕಾಕಾ ಕೂಡ ಸ್ವಲ್ಪ ನಕ್ಕ, ನಕ್ಕು ಒಳಗೆ ಹೋಗಿ ಮಗ್ಗದ ಗುಂಡಿ ಒತ್ತಿದ. ನನಗೋ ಆನಂದ. ಐವತ್ತು ವರ್ಷದ ಪದ್ಧತಿಯನ್ನು ಒಂದೇ ಮಾತಿನಲ್ಲಿ ಹೊಡೆದುರುಳಿಸಿದ್ದೆ. ಆ ಮಾತು ಮಾರನೆಯ ದಿನವೇ ಓಣಿಯ ಆ ತುದಿ ಮುಟ್ಟಿತು. ಕಾಕಾನನ್ನು ಕಂಡವರೆಲ್ಲ “ಊಟ ಯಾರು ಮಾಡ್ಯಾರ್ರಿ ಇವತ್ತ ನಿಮ್ಮನ್ಯಾಗ?” ಎಂದು ಕೇಳತೊಡಗಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆ ಮಾಡಿದವರು ಮುತ್ತಿನ ಬೆಲೆ ಗೊತ್ತಿದ್ದವರಿರಬೇಕು.

ಕಾಕಾ ಸೂಜಿಗೆ ಹೋಗಲಿಲ್ಲ. ಹೋದರೆ ಅಣ್ಣನ ಮಗಳ ಕೊಂಕಿಗೆ ಸೋತು ಹೋದಂತಾಗುತ್ತದೆ. ಓಣಿಯಲ್ಲಿ ತಲೆಯೆತ್ತಿಕೊಂಡು ಬದುಕಿದ ಮನುಷ್ಯ ರೋಗಕ್ಕಾದರೂ ಸೋಲುತ್ತಾನೆ, ನಗೆಗೆ ಸೋಲುವುದಿಲ್ಲ. ಇದು ನನಗೆ ಆಗ ಹೊಳೆಯಲಿಲ್ಲ. ಜೀವಕೋಶಗಳ ಸ್ವಭಾವ ಓದಿಕೊಂಡಷ್ಟು ಜೀವವಿದ್ದವರ ಸ್ವಭಾವ ಓದಿಕೊಂಡಿರಲಿಲ್ಲ.

ಹೋದವಳು ಚಿಗವ್ವ. ಮನೆಯ ಪರವಾಗಿ ಒಳ್ಳೆಯ ಸೀರೆ ಉಟ್ಟು, ಎಲೆಯಡಿಕೆ ಚೀಲ ಸಿಕ್ಕಿಸಿಕೊಂಡು, ತೊಟ್ಟಿಲಿಗೆ ಹೋಗುವಂತೆಯೇ ಹೋದಳು. ಬಂದ ರಾತ್ರಿ ಅವಳಿಗೆ ಜ್ವರ, ಮೈಕೈ ನೋವು. ಕಾಕಾನಿಗೆ ಬೇಕಾದದ್ದು ಸಿಕ್ಕಿತು.

“ನೆಟ್ಟಗಿದ್ದಾಕಿನ್ನ ಹಾಸಿಗಿ ಹಿಡಿಸಿದ್ರಿ,” ಅಂದ ನನಗೆ. “ಇದಽ ಏನು ನಿಮ್ಮ ಶಾಸ್ತ್ರ?”

ಇದೇ ನಮ್ಮ ಶಾಸ್ತ್ರ ಎಂದು ಹೇಳಬಹುದಿತ್ತು. ಸೂಜಿಯಲ್ಲಿ ಇದ್ದದ್ದು ರೋಗವಲ್ಲ, ಕಳ್ಳ ಬರುವ ಮುಂಚೆ ಊರಿಗೆ ತೋರಿಸುವ ಅವನ ಫೋಟೋದಂಥದ್ದು. ಫೋಟೋ ನೋಡಿಯೇ ಮೈಯೊಳಗಿನ ಕಾವಲಿನ ಬಿಳಿ ರಕ್ತಕಣಗಳು ಗದ್ದಲ ಎಬ್ಬಿಸುತ್ತವೆ. ಆ ಗದ್ದಲವೇ ಜ್ವರ. ಗದ್ದಲದ ನಡುವೆ ಕೆಲವು ಕೋಶಗಳು ಆ ಮುಖವನ್ನು ಗುರುತು ಹಾಕಿಕೊಂಡು, ಅದಕ್ಕೆ ಸರಿಯಾಗಿ ಕೂರುವ ಪ್ರತಿಕಾಯಗಳನ್ನು ತಯಾರಿಸುತ್ತವೆ. ಅದಕ್ಕೆ ಹತ್ತು ಹದಿನೈದು ದಿನ ಹಿಡಿಯುತ್ತದೆ. ಇನ್ನು ಕೆಲವು, ವೈರಸ್ಸು ಹೊಕ್ಕ ಕೋಶಗಳನ್ನೇ ಹುಡುಕಿ ಕೊಲ್ಲುವುದನ್ನು ಕಲಿಯುತ್ತವೆ. ಗದ್ದಲ ಅಡಗಿದ ಮೇಲೆ ಎಲ್ಲ ಮನೆಗೆ ಹೋದರೂ ಒಂದಿಷ್ಟು ಕೋಶಗಳು ಆ ಗುರುತನ್ನು ಇಟ್ಟುಕೊಂಡು ವರ್ಷಗಟ್ಟಲೆ ಸುಮ್ಮನೆ ಕೂರುತ್ತವೆ. ಇದನ್ನೆಲ್ಲ ಹೇಳಬಹುದಿತ್ತು. ನಾನು ಹೇಳಿದ್ದು, “ನಿನಗ ತಿಳಿಯಂಗಿಲ್ಲ ಬಿಡು ಕಾಕಾ” ಎಂದು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಆ ಗಿಡ ಮುಳ್ಳಿನದಾಗಿದ್ದರೆ ಮನೆಯವರಾದರೂ ಏನು ಮಾಡಬೇಕು?

ಎರಡನೆಯ ಸೂಜಿಯ ದಿನ ಬಂತು. ನ್ಯಾಯವಾಗಿ ಈ ಸಲ ಬೇರೆಯವರ ಪಾಳಿ ಎಂದು ಚಿಗವ್ವ ಸಣ್ಣ ದನಿಯಲ್ಲಿ ಅಂದಳು. ಕಾಕಾ ಒಪ್ಪಲಿಲ್ಲ. “ಹೋದ ಸಲ ನೀನಽ ಹೋಗಿದ್ದಿ, ನಿನಗ ಅಲ್ಲಿದು ಎಲ್ಲಾ ಗೊತ್ತೈತಿ. ನೀನಽ ಹೋಗು,” ಅಂದ. ಹೀಗೆ ಸಂಪೂರ್ಣ ತಪ್ಪು ಕಾರಣಕ್ಕಾಗಿ ಚಿಗವ್ವನಿಗೆ ಸಂಪೂರ್ಣ ಸರಿಯಾದ ಚಿಕಿತ್ಸೆ ನಡೆಯಿತು. ಎರಡನೆಯ ಸಲ ಅದೇ ಮುಖ ತೋರಿಸಿದರೆ ಗುರುತು ಗಟ್ಟಿಯಾಗುತ್ತದೆ. ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಾಲಯಗಳು ಹುಡುಕಿದ್ದನ್ನು ನಮ್ಮ ಕಾಕಾ ಸೋಮಾರಿತನದಿಂದ ಸಾಧಿಸಿದ್ದ.

ಅದಕ್ಕೂ ಮುಂಚೆ ಎರಡು ಸಲ ರೋಗ ಊರೆಲ್ಲ ಸುತ್ತಿ ಹೋಗಿತ್ತು. ಎರಡು ಸಲವೂ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಅದು ತನ್ನ ಗಟ್ಟಿತನದಿಂದ ಎಂದು ಕಾಕಾ ನಂಬಿದ್ದ. ಅಷ್ಟು ಹೊತ್ತಿಗೆ ನನಗೂ ಎರಡು ಸೂಜಿ ಆಗಿದ್ದವು, ನಾನೂ ನನ್ನ ಗಟ್ಟಿತನವನ್ನು ನಂಬಿದ್ದೆ. ಒಂದೇ ಮನೆಯಲ್ಲಿ ಇಬ್ಬರು ಗಟ್ಟಿಗರು.

ಮೂರನೆಯ ಸಲ ಊರಲ್ಲಿ ಕೆಮ್ಮು ಶುರುವಾದದ್ದು ಸಂಕ್ರಾಂತಿಯ ಮುಂದೆ. ಹಬ್ಬದ ಹಿಂದಿನ ದಿನ ಜಮಖಂಡಿಯಿಂದ ಬಸ್ಸಿನಲ್ಲಿ ಬರುವಾಗ ನನ್ನ ಗಂಟಲು ಕೆರೆಯತೊಡಗಿತು. ಮನೆಗೆ ಬರುವಷ್ಟರಲ್ಲಿ ಮೂಗು ಸೋರುತ್ತಿತ್ತು. ಚಿಗವ್ವ ಮುಖ ನೋಡಿದವಳೇ, “ಯಾಕಬೇ, ಹಿಂಗ್ಯಾಕಾಗೀದಿ? ತೋರಿಸ್ಕೊಂಡು ಬಾ ಒಂದೀಟು,” ಅಂದಳು.

“ಚಳಿ ಹವಾ ಚಿಗವ್ವ. ನನಗೆರಡೂ ಸೂಜಿ ಆಗ್ಯಾವು. ನನಗೇನಾಗತೈತಿ?”

ಈ ಮಾತು ಆಡಿದ್ದು ಕಟ್ಟೆಯ ಮೇಲೆ ಕುಳಿತ ಯಾರೋ ಅಲ್ಲ. ಅದಕ್ಕೂ ಒಂದು ತಿಂಗಳು ಮುಂಚೆ ಇದೇ ಬಾಯಿ ತರಗತಿಯಲ್ಲಿ ಏನು ಹೇಳಿತ್ತೆಂದರೆ: ಸೂಜಿ ತೋಳಿಗೆ, ವೈರಸ್ಸು ಬರುವುದು ಮೂಗಿನಿಂದ. ತಿಂಗಳು ಕಳೆದಂತೆ ರಕ್ತದಲ್ಲಿ ತಿರುಗುವ ಪ್ರತಿಕಾಯಗಳು ಕಡಿಮೆಯಾಗುತ್ತವೆ, ಮೂಗಿನ ಬಾಗಿಲಲ್ಲಂತೂ ಮೊದಲೇ ಕಾವಲು ತೆಳುವು. ಹಾಗಾಗಿ ಲಸಿಕೆ ಆದವರಿಗೂ ಸೋಂಕು ತಗಲಬಹುದು. ನೆನಪಿಟ್ಟುಕೊಂಡ ಕೋಶಗಳು ಎದ್ದು ಹೊಸ ಪ್ರತಿಕಾಯಗಳ ದಂಡು ಕಟ್ಟಲು ಕೆಲವು ದಿನ ಬೇಕು. ಅವು ಎದ್ದ ಮೇಲೆ ರೋಗ ಎದೆಗಿಳಿಯದಂತೆ ತಡೆಯುತ್ತವೆ. ಆದರೆ ಆ ನಡುವಿನ ದಿನಗಳಲ್ಲಿ ಅವರಿಂದ ಬೇರೆಯವರಿಗೆ ಹರಡಬಹುದು. “ಇದನ್ನು ಅಡಿಗೆರೆ ಹಾಕಿಕೊಳ್ಳಿ” ಎಂದೂ ಹೇಳಿದ್ದೆ. ಎಲ್ಲರೂ ಹಾಕಿಕೊಂಡಿದ್ದರು, ಹೇಳಿದವಳನ್ನು ಬಿಟ್ಟು. ಹೇಳೋದು ಶಾಸ್ತ್ರ, ಹಾಕೋದು ಗಾಳ.

ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ. ಮಾಡಿಸಿದರೆ ಹೌದು ಎಂದು ಬರುವ ಅಪಾಯವಿತ್ತು. ಹೌದು ಎಂದು ಬಂದರೆ ಹಬ್ಬದ ದಿನ ಒಂದು ಖೋಲಿಯಲ್ಲಿ ಕುಳಿತಿರಬೇಕು. ಇನ್ನೊಂದು ಕಾರಣವೂ ಇತ್ತು, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ. ಸೂಜಿ ಹಾಕಿಸಿಕೊಂಡ ನನಗೆ ರೋಗ ಬಂದು, ಹಾಕಿಸಿಕೊಳ್ಳದ ಕಾಕಾ ನೆಟ್ಟಗಿದ್ದರೆ, ಕಟ್ಟೆಯ ಮೇಲೆ ಆ ಮನುಷ್ಯ ನನ್ನನ್ನು ಬಿಡುತ್ತಿದ್ದನೇ? ನನ್ನ ಮರ್ಯಾದೆಗಾಗಿ ನನಗೆ ನೆಗಡಿ ಮಾತ್ರ ಆಗಬೇಕಿತ್ತು. ಹಾಗಾಗಿ ನೆಗಡಿಯೇ ಎಂದು ತೀರ್ಮಾನಿಸಿದೆ.

ಸಂಕ್ರಾಂತಿಯ ದಿನ ಟಂಟಂ ರಿಕ್ಷಾ ಮಾಡಿಕೊಂಡು ಮೂವರೂ ಚಿಕ್ಕಪಡಸಲಗಿಗೆ ಹೋದೆವು. ಚಿಗವ್ವನ ತವರು ಆ ಕಡೆಗೇ. ಪ್ರತಿ ವರ್ಷ ಬ್ಯಾರೇಜಿನ ಹತ್ತಿರ ಹೊಳೆಯಲ್ಲಿ ಮಿಂದು, ದಂಡೆಯಲ್ಲಿ ಬುತ್ತಿ ಬಿಚ್ಚುವುದು ನಮ್ಮ ರೂಢಿ. ಚಳಿಗಾಳಿಗೆ ಕಾಕಾನ ಎದೆಗೆ ಹೊಡೆತ ಬೀಳಬಾರದೆಂದು ಟಂಟಂನ ಎರಡೂ ಕಡೆಯ ಪರದೆ ಇಳಿಸಿ ಭದ್ರವಾಗಿ ಕಟ್ಟಿದವಳು ನಾನೇ. ಎಷ್ಟು ಕಾಳಜಿ. ಹೋಗುವಾಗ ಒಂದು ತಾಸು, ಬರುವಾಗ ಒಂದು ತಾಸು, ಆ ಮುಚ್ಚಿದ ಗಾಡಿಯಲ್ಲಿ ಅವನ ಭುಜಕ್ಕೆ ಭುಜ ತಾಗಿಸಿ ಕುಳಿತು ಕೆಮ್ಮಿದೆ.

ದಂಡೆಯ ಮೇಲೆ ಚಿಗವ್ವ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನಿಕಾಯಿ, ಶೇಂಗಾ ಹೋಳಿಗೆ ಬಿಚ್ಚಿಟ್ಟಳು. ನಾನು ಅರ್ಧ ತಿಂದ ಹೋಳಿಗೆಯನ್ನು ಕಾಕಾ ನನ್ನ ಕೈಯಿಂದಲೇ ಮುರಿದುಕೊಂಡ. ನಾನು ಆರು ವರ್ಷದವಳಿದ್ದಾಗಿನಿಂದ ಹಾಗೆಯೇ ಮಾಡುತ್ತಾ ಬಂದಿದ್ದಾನೆ, ಸಿಹಿ ಜಾಸ್ತಿಯಾಯಿತೇನೋ ನೋಡುವ ನೆಪ. “ನಿನ್ನ ನೆಗಡಿಗೆ ಹೊಳಿನೀರ ಛಲೋ, ಎರಡು ಮುಳುಗ ಹೆಚ್ಚ ಹಾಕು,” ಅಂದ. ಬ್ಯಾರೇಜಿನ ಮೇಲೆ ಕೈ ಮಾಡಿ, ಮನೆಗೊಬ್ಬರು ಹೋದ ಕತೆಯನ್ನು ಮತ್ತೊಮ್ಮೆ ಹೇಳಿದ. ಅವತ್ತು ಅವನ ಮನಸ್ಸು ಬಹಳ ಚೆನ್ನಾಗಿತ್ತು.

ಮೂರು ದಿನದಲ್ಲಿ ನಾನು ನೆಟ್ಟಗಾದೆ. ಆ ಹೊತ್ತಿಗೆ ಚಿಗವ್ವ ಸೀನತೊಡಗಿದ್ದಳು. ಎರಡು ದಿನ ಸೀನಿದಳು, ಸೀನುತ್ತಲೇ ರೊಟ್ಟಿ ಬಡಿದಳು, ಮೂರನೆಯ ದಿನ ಯಾರದೋ ಮನೆಯ ಬಸುರಿಯ ಕುಬಸಕ್ಕೆ ಮನೆಯ ಪರವಾಗಿ ಹೋಗಿ ಬಂದಳು. ಐದನೆಯ ದಿನ ಬೆಳಿಗ್ಗೆ ಮಗ್ಗದ ಸದ್ದು ಕೇಳಲಿಲ್ಲ.

ಕಾಕಾ ಮಗ್ಗದ ಪಕ್ಕದ ಮಣೆಯ ಮೇಲೆ ಕುಳಿತಿದ್ದ. ಮೈ ಕಾಯುತ್ತಿತ್ತು. “ಬಿಸಲ ಭಾಳ ಐತಿ” ಅಂದ. ಸೂರ್ಯ ಇನ್ನೂ ಮನೆಯ ಮಾಳಿಗೆಗೂ ಬಂದಿರಲಿಲ್ಲ. ನಾನು ಈ ಸಲ ಹೌದು ಅನ್ನಲಿಲ್ಲ.

ಎರಡು ದಿನ ಮನೆಯಲ್ಲಿ ಗುಳಿಗೆ ನುಂಗಿಸಿ ನೋಡಿದೆವು. ಮೂರನೆಯ ದಿನ ಅವನ ತುಟಿಗಳ ಬಣ್ಣ ನೋಡಿ ಜಮಖಂಡಿಗೆ ಒಯ್ದೆವು. ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ನಿನ ನಳಿಕೆ ಹಾಕಿದರು. ಹೆಸರು, ವಯಸ್ಸು ಬರೆದುಕೊಂಡ ನರ್ಸು ನನ್ನ ಹಳೆಯ ವಿದ್ಯಾರ್ಥಿನಿ. ಮುಖ ಮುಚ್ಚಿಕೊಂಡಿದ್ದರಿಂದ ನಾನು ಗುರುತಿಸಲಿಲ್ಲ, ದನಿಯ ಮೇಲೆ ಅವಳೇ ನನ್ನನ್ನು ಗುರುತಿಸಿದಳು.

“ಮೇಡಮ್ಮರ, ಕಾಕಾರಿಗೆ ಎರಡೂ ಡೋಸ ಆಗ್ಯಾವಲ್ರಿ?” ಅಂದಳು. ಕೇಳುವ ಮುಂಚೆಯೇ ಆಗಿವೆ ಎಂದು ಬರೆಯಲು ಪೆನ್ನು ಇಟ್ಟಿದ್ದಳು.

“ಇಲ್ಲವಾ.”

“ಒಂದು?”

“ಒಂದೂ ಇಲ್ಲ.”

ಅವಳು ಪೆನ್ನು ಎತ್ತಿ ನನ್ನ ಮುಖ ನೋಡಿದಳು. ಪ್ರತಿಕಾಯಗಳ ಪ್ರಶ್ನೆಗೆ ಹತ್ತಕ್ಕೆ ಹತ್ತು ಕೊಟ್ಟಿದ್ದೆ ಅವಳಿಗೆ, ಹಳದಿ ಸುಣ್ಣ ಇದ್ದ ವರ್ಷದವಳು.

ಹನ್ನೊಂದು ದಿನ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕುಳಿತೆ. ಅಲ್ಲಿ ಕುಳಿತವರಿಗೆ ಯೋಚನೆ ಬಿಟ್ಟು ಬೇರೆ ಕೆಲಸವಿಲ್ಲ. ಎಂಥ ಅಚ್ಚುಕಟ್ಟಾದ ಪ್ರಯೋಗ ನಮ್ಮ ಮನೆಯಲ್ಲಿ ನಡೆದಿತ್ತು. ಒಂದೇ ಮನೆ, ಒಂದೇ ನೀರು, ಒಂದೇ ರೊಟ್ಟಿ, ಒಂದೇ ವೈರಸ್ಸು. ಗುರುತು ಇಟ್ಟುಕೊಂಡ ಎರಡು ದೇಹಗಳು ಅದನ್ನು ಮೂಗಿನಲ್ಲೇ ಎದುರುಗೊಂಡು ನಾಲ್ಕು ದಿನದಲ್ಲಿ ಕಳಿಸಿಕೊಟ್ಟವು. ಗುರುತು ಇಲ್ಲದ ಒಂದು ದೇಹ ಮೊದಲಿನಿಂದ ಕಲಿಯಬೇಕಾಯಿತು. ಅದು ಕಲಿಯುವಷ್ಟರಲ್ಲಿ ವೈರಸ್ಸು ಎದೆಗಿಳಿಯಿತು. ತಡವಾಗಿ ಎದ್ದ ಕಾವಲಿನವರು ಕಳ್ಳನನ್ನು ಹುಡುಕುವ ಗಡಿಬಿಡಿಯಲ್ಲಿ ಮನೆಯನ್ನೇ ಮುರಿಯತೊಡಗಿದರು. ಡಾಕ್ಟರು ಎದೆಯ ಫೋಟೋ ತೋರಿಸಿ ಇಲ್ಲಿ ಊತ, ಇಲ್ಲಿ ನೀರು ಅಂದಾಗ ನನಗೆ ಎಲ್ಲ ಅರ್ಥವಾಯಿತು. ಅರ್ಥವಾಗದಿದ್ದರೆ ಒಳ್ಳೆಯದಿತ್ತು. ಪಕ್ಕದಲ್ಲಿ ಹುನ್ನೂರಿನಿಂದ ಬಂದ ಒಬ್ಬ ಹೆಣ್ಣುಮಗಳು ಗಂಡನಿಗಾಗಿ ಕುಳಿತಿದ್ದಳು, ಅವಳಿಗೆ ದೇವರನ್ನು ಬೈಯಲು ಬರುತ್ತಿತ್ತು. ನನಗೆ ಆ ಅನುಕೂಲವೂ ಇರಲಿಲ್ಲ. ಯಾರು ತಂದರು, ಯಾವ ದಿನ ತಂದರು, ಯಾವ ಟಂಟಂನಲ್ಲಿ ಕೊಟ್ಟರು, ಎಲ್ಲ ನನಗೆ ಗೊತ್ತಿತ್ತು.

ಕಾಕಾ ಸಾಯಲಿಲ್ಲ. ಹನ್ನೆರಡನೆಯ ದಿನ ಮನೆಗೆ ಕರೆತಂದೆವು. ಅರ್ಧ ಮನುಷ್ಯನಾಗಿದ್ದ. ಇನ್ನು ಧೂಳಿನ ಹತ್ತಿರ ಹೋಗಬಾರದು ಎಂದು ಡಾಕ್ಟರು ಹೇಳಿದ್ದರಿಂದ ಮಗ್ಗಗಳನ್ನು ನಿಲ್ಲಿಸಿ, ಖೋಲಿಯನ್ನು ಒರೆಸಿ ತೊಳೆದೆವು. ಆದರೂ ಅಲ್ಲಿಯೇ ಹಾಸಿಗೆ ಬೇಕೆಂದು ಹಟ ಹಿಡಿದ. ಬನಹಟ್ಟಿಯ ಉಳಿದ ಮನೆಗಳಿಂದ ಖಟಖಟ ಬರುತ್ತಿತ್ತು. ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡಿದರೂ ಕೇಳಿಸುತ್ತಿತ್ತು. ಅದು ನನಗೆ ರೂಢಿಯಿಲ್ಲದ ಸಂಗತಿ.

ಒಂದು ವಾರದ ಮೇಲೆ, ಮಧ್ಯಾಹ್ನ, ನಾನು ಅವನಿಗೆ ಗಂಜಿ ಕುಡಿಸುತ್ತಿದ್ದೆ.

“ಒಂದು ತಿಳೀವಲ್ದು ನನಗ,” ಅಂದ. ಎರಡು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳಬೇಕಿತ್ತು. “ಒಂದಽ ಮನಿ. ಒಂದಽ ಜಡ್ಡು. ನಿಮಗಿಬ್ಬರಿಗೂ ನೆಗಡಿ. ನನಗ ನಳಿಗಿ. ಯಾಕ?”

ಇದೇ ಪ್ರಶ್ನೆಗೆ ಎಂಟು ತಿಂಗಳ ಹಿಂದೆ ನನ್ನ ಹತ್ತಿರ ಎಂಥೆಂಥ ಉತ್ತರಗಳಿದ್ದವು. ನಾನು ತಲೆಯೆತ್ತಿ ನೋಡಿದೆ. ಮಗ್ಗದ ಮೇಲಿನ ಅಟ್ಟದಿಂದ ಜಕಾರ್ಡಿನ ಹಳೆಯ ರಟ್ಟುಗಳ ಕಟ್ಟುಗಳು ಜೋತುಬಿದ್ದಿದ್ದವು. ಸೀರೆಯ ದಡಿಯ, ಅಂದರೆ ಅಂಚಿನ ವಿನ್ಯಾಸವನ್ನು ತೂತುಗಳಲ್ಲಿ ಕೊರೆದಿಟ್ಟ ಉದ್ದುದ್ದ ರಟ್ಟುಗಳು. ಯಾವ ತೂತಿಗೆ ಯಾವ ಎಳೆ ಏಳಬೇಕು ಎಂದು ಮಗ್ಗಕ್ಕೆ ಹೇಳುವುದು ಅವೇ. ನಾನು ಆಡಿ ಬೆಳೆದದ್ದು ಅವುಗಳ ಕೆಳಗೆ.

“ಕಾಕಾ, ಹೊಸಾ ದಡಿ ಕೇಳಿದ್ರ ಸೀರಿ ಕೈಗೆ ಬರಾಕ ಎಷ್ಟ ದಿನ ಬೇಕು?”

“ಹದಿನೈದು ದಿನ. ರಟ್ಟ ಕೊರೀಬೇಕು. ತಪ್ಪ ನೋಡಬೇಕು.”

“ಅದಽ ದಡಿ ಮತ್ತ ಎರಡು ವರ್ಷ ಬಿಟ್ಟು ಕೇಳಿದ್ರ?”

“ಕೊರದಿದ್ದು ಇದ್ದಽ ಇರತೈತಿ. ಅಟ್ಟದ ಮ್ಯಾಲಿಂದ ಇಳಿಸೂದು, ಏರಿಸೂದು. ಎರಡ ದಿನದಾಗ ಸೀರಿ.”

“ಸೂಜಿ ಅಂದ್ರ ರಟ್ಟ ಕೊರದಿಡೂದು ಕಾಕಾ, ಅಷ್ಟಽ. ನಮ್ಮ ಮೈಯಾಗ ಕೊರದಿಟ್ಟಿದ್ದು ಇತ್ತು. ನಿನ್ನ ಮೈ ಜಡ್ಡು ಬಂದ ಮ್ಯಾಲೆ ಕೊರಿಯಾಕ ಕುಂತು.”

ಕಾಕಾ ಬಹಳ ಹೊತ್ತು ಆ ಕಟ್ಟುಗಳನ್ನೇ ನೋಡಿದ.

“ಇಷ್ಟಽನ?” ಅಂದ. “ಇದನ್ನ ಅವತ್ತ ಹಿಂಗ ಹೇಳಿದ್ರ ನಾ ಹೋಗತಿದ್ನಲ್ಲವಾ.”

ಹೇಳುತ್ತಿದ್ದೆ, ಆದರೆ ಅವತ್ತು ಕಟ್ಟೆಯ ಮೇಲೆ ಐದು ಜನ ಇದ್ದರು, ನಗಿಸಬೇಕಿತ್ತು. ಬಟ್ಟಲು ಕೆಳಗಿಟ್ಟೆ.

ಕಾಕಾನ ಕಣ್ಣು ಇನ್ನೂ ಅಟ್ಟದ ಮೇಲೆಯೇ ಇತ್ತು. ನೇಕಾರನ ಲೆಕ್ಕ, ಒಂದು ಎಳೆ ಕೈಗೆ ಸಿಕ್ಕರೆ ತುದಿ ಮುಟ್ಟುವತನಕ ಬಿಡುವುದಿಲ್ಲ.

“ರಟ್ಟ ಇದ್ರೂ ಎರಡ ದಿನ ಬೇಕಽ ಬೇಕು,” ಅಂದ. “ಇಳಿಸಬೇಕು, ಏರಿಸಬೇಕು. ಆ ಎರಡ ದಿನದಾಗ ಜಡ್ಡು ಎಲ್ಲಿರತೈತಿ?”

“ಮೂಗಿನ್ಯಾಗ.”

“ಮಂದಿಗೆ ಹತ್ತತೈತಿ?”

“ಹತ್ತತೈತಿ.”

ಅವನ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಸರಿಯತೊಡಗಿತು. ಆಚೆ ಮನೆಯ ಮಗ್ಗ ನಿಂತು ಮತ್ತೆ ಶುರುವಾಯಿತು. ಅವನು ದಿನಗಳನ್ನು ಎಣಿಸುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ಅವನು ಎಣಿಸಿ ಮುಗಿಸುವ ಮುಂಚೆ ನಾನೇ ಹೇಳಬೇಕು ಅನಿಸಿತು.

“ಆ ಎರಡ ದಿನದಾಗ ನಾವು ಹೊಳಿಗೆ ಹೋಗಿದ್ವಿ ಕಾಕಾ,” ಅಂದೆ. “ನೆಗಡಿ ಅಲ್ಲ ಅದು. ನನಗ ಅನುಮಾನ ಇತ್ತು. ನೀ ನಗತೀ ಅಂತ ತೋರಿಸ್ಕೊಳ್ಳಲಿಲ್ಲ. ಜಡ್ಡು ನಾ ತಂದೆ.”

ಬೈಯುತ್ತಾನೆ ಅಂದುಕೊಂಡೆ. ಬೈದರೆ ಒಂದು ನೆಮ್ಮದಿಯಾದರೂ ಇರುತ್ತಿತ್ತು. ಕಾಕಾ ಕೈ ಚಾಚಿ, ಕೆಳಗಿಟ್ಟ ಬಟ್ಟಲನ್ನು ತಾನೇ ಎತ್ತಿಕೊಂಡು, ಉಳಿದ ಗಂಜಿಯನ್ನು ನಿಧಾನವಾಗಿ ಕುಡಿದು ಮುಗಿಸಿದ. ಆಮೇಲೆ ಉಸಿರು ಕೂಡಿಸಿಕೊಂಡು ಹೇಳಿದ:

“ಇ‌ರಲಿ ಬಿಡವಾ. ಮನಿಗೊಬ್ಬರು ಅಂತ ಜಡ್ಡು ಕರಿಯಾಕ ಬಂದಿತ್ತು. ಈ ಸಲ ನಾ ಹೋಗಿ ಬಂದ್ನಿ.”

ನಾನು ಅಲ್ಲಿಯೇ ಕುಳಿತು ಅತ್ತೆ. ಮನೆಯಲ್ಲಿ ಯಾರಾದರೂ ಅತ್ತರೆ ಕಾಕಾ ಮೊದಲಿನಿಂದಲೂ ಎದ್ದು ಮಗ್ಗದ ಕಡೆ ಹೋಗಿಬಿಡುವವನು. ಅವತ್ತು ಹೋಗಲಿಲ್ಲ. ಎದ್ದು ಹೋಗುವಷ್ಟು ಉಸಿರು ಅವನಲ್ಲಿ ಇರಲಿಲ್ಲ.